ಸೆಜಾನನ ಸಮುದ್ರ ನಮ್ಮ ಹಜಾರದ ಗೋಡೆಗೆ: ಪ್ರಿಂಟ್ ತೆಗೆಸುವುದರಿಂದ ಮೊಳೆ ಹೊಡೆಯುವವರೆಗೆ

ಮೈಸೂರಿನಿಂದ ಸಮುದ್ರ ನೋಡಬೇಕು ಅಂದರೆ ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಮಾರು 250 ಕಿಲೋಮೀಟರ್ ಹೋಗಬೇಕು. ನನ್ನ ಮನೆಯ ಹಜಾರದಲ್ಲಿ ಮಾತ್ರ ಆರು ವರ್ಷದಿಂದ ಒಂದು ಸಮುದ್ರ ಇದೆ. ಫ್ರೆಂಚ್ ಕಲಾವಿದ ಪಾಲ್ ಸೆಜಾನ್ ಬರೆದ ‘ಲೆಸ್ತಾಕ್‌ನಿಂದ ಕಂಡ ಮಾರ್ಸೆ ಕೊಲ್ಲಿ’ ಚಿತ್ರದ ಪ್ರಿಂಟ್ ಅದು. ಈಗ ಗೋಡೆಯ ಮೇಲಿರುವುದು ಮೂರನೆಯದು. ಮೊದಲಿನ ಎರಡೂ ಹಾಳಾದವು. ಯಾಕೆ ಹಾಳಾದವು, ಮೂರನೆಯದನ್ನು ಹೇಗೆ ಮಾಡಿಸಿದೆ ಅನ್ನುವುದನ್ನು ಹೇಳಿದರೆ ನಿಮ್ಮ ದುಡ್ಡು ಉಳಿಯುತ್ತದೆ, ಚಿತ್ರವೂ ಉಳಿಯುತ್ತದೆ.

ಮೊದಲು ಚಿತ್ರವನ್ನೇ ಸ್ವಲ್ಪ ನೋಡೋಣ. ಅದನ್ನು ನೋಡದೆ ಕಾಗದ, ಗಾಜು, ಮೊಳೆ ಯಾವುದನ್ನೂ ಸರಿಯಾಗಿ ಆರಿಸಲು ಆಗುವುದಿಲ್ಲ.

ಲೆಸ್ತಾಕ್ ಅನ್ನುವುದು ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಮಾರ್ಸೆ ನಗರದ ಪಕ್ಕದಲ್ಲಿರುವ ಊರು. ಸೆಜಾನ್ ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದ. 1876ರಲ್ಲಿ ಅಲ್ಲಿಂದ ತನ್ನ ಹಿರಿಯ ಗೆಳೆಯ, ಕಲಾವಿದ ಪಿಸ್ಸಾರೊಗೆ ಒಂದು ಕಾಗದ ಬರೆದ. ಈ ನೋಟ ಇಸ್ಪೀಟೆಲೆ ಇದ್ದ ಹಾಗಿದೆ, ನೀಲಿ ಸಮುದ್ರದ ಮೇಲೆ ಕೆಂಪು ಸೂರುಗಳು ಅಂತ ಅದರಲ್ಲಿ ಹೇಳಿದ. ನಾನು ಹೇಳುತ್ತಿರುವ ಚಿತ್ರ ಸುಮಾರು 1885ರದ್ದು. ಮೂಲ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಎತ್ತರ 73 ಸೆಂಟಿಮೀಟರ್, ಅಗಲ 100ಕ್ಕೆ ಒಂದು ಚೂರು ಜಾಸ್ತಿ.

ಇಸ್ಪೀಟೆಲೆ ಅಂದದ್ದು ಸುಮ್ನೆ ಅಲ್ಲ. ಈ ಚಿತ್ರದಲ್ಲಿ ನಾಲ್ಕು ಪಟ್ಟಿಗಳಿವೆ. ಕೆಳಗೆ ಮನೆಗಳು, ಅದರ ಮೇಲೆ ನೀರು, ನೀರಿನಾಚೆ ಬೆಟ್ಟ, ಕೊನೆಗೆ ಆಕಾಶ. ಸಮುದ್ರ ದೂರಕ್ಕೆ ಹರಿದು ಹೋಗುವುದಿಲ್ಲ. ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಮನೆಗಳ ನಡುವಿನಿಂದ ಒಂದು ಚಿಮಣಿ ಎದ್ದು ಆ ನೀಲಿಯನ್ನು ಮುಟ್ಟುತ್ತದೆ. ಅಲೆ ಇಲ್ಲ, ನೊರೆ ಇಲ್ಲ. ಅವನ ಜೊತೆಯವರು ಕ್ಷಣಕ್ಷಣಕ್ಕೆ ಬದಲಾಗುವ ಬೆಳಕನ್ನು ಹಿಡಿಯಲು ಹೊರಟಿದ್ದರು. ಇವನು ಇಟ್ಟಿಗೆ ಜೋಡಿಸಿದ ಹಾಗೆ ಬಣ್ಣ ಜೋಡಿಸಿದ. ಮುಂದೆ ಬ್ರಾಕ್ ಎಂಬ ಯುವ ಕಲಾವಿದ ಇದೇ ಊರಿಗೆ ಬಂದು, 1908ರಲ್ಲಿ ಇಲ್ಲಿನ ಮನೆಗಳನ್ನು ಪೆಟ್ಟಿಗೆಗಳ ಹಾಗೆ ಬರೆದ. ಕಂಡದ್ದನ್ನು ಹೀಗೆ ಪೆಟ್ಟಿಗೆ, ಕೋನಗಳಾಗಿ ಒಡೆದು ಬರೆಯುವ ಕ್ಯೂಬಿಸಂ ಎಂಬ ಶೈಲಿ ಹುಟ್ಟಿದ ಜಾಗಗಳಲ್ಲಿ ಇದೂ ಒಂದು.

ಮಂಡ್ಯ ಕಡೆಯ ನಮ್ಮ ಅತ್ತೆ ಹಬ್ಬಕ್ಕೆ ಬಂದಾಗ ಈ ಚಿತ್ರ ನೋಡಿ, “ಇದು ಮಂಗಳೂರು ಹೆಂಚಿನ ಮನೆ ಅಲ್ವೇನೋ?” ಅಂತ ಕೇಳಿದರು. ಅವರ ಕಣ್ಣು ಸರಿಯಾದ ಕಡೆಗೇ ಹೋಗಿತ್ತು. ಲೆಸ್ತಾಕ್ ಸುತ್ತಮುತ್ತ ಆಗ ಹೆಂಚಿನ ಕಾರ್ಖಾನೆಗಳಿದ್ದವು. ಮಾರ್ಸೆಯ ಹೆಂಚು ಹಡಗಿನಲ್ಲಿ ದೇಶದೇಶಕ್ಕೆ ಹೋಗುತ್ತಿತ್ತು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹೆಂಚು ಎರಡು ಕಡೆಯದೂ. ಹಾಗಾಗಿ ಈ ಚಿತ್ರ ನಮಗೆ ಅಷ್ಟೇನೂ ಹೊರಗಿನದಲ್ಲ.

ಈ ಚಿತ್ರದ ಜೀವ ಇರುವುದು ಅದರ ಕಟ್ಟಡದಲ್ಲಿ, ಅಂದರೆ ಪಟ್ಟಿಗಳ ಅಳತೆಯಲ್ಲಿ, ಕೆಂಪು–ನೀಲಿಯ ತೂಕದಲ್ಲಿ. ಅಂಚು ಕತ್ತರಿಸಿದರೆ, ನೀಲಿಯನ್ನು ಹೆಚ್ಚಿಸಿದರೆ, ಗಾಜಿನ ಹೊಳಪಿನಲ್ಲಿ ಮುಳುಗಿಸಿದರೆ ಉಳಿಯುವುದು ಒಂದು ಕ್ಯಾಲೆಂಡರ್ ಚಿತ್ರ. ಮುಂದಿನ ಹೆಜ್ಜೆಗಳೆಲ್ಲ ಅದನ್ನು ತಪ್ಪಿಸುವುದಕ್ಕೇ.

ಹೆಜ್ಜೆ 1: ಮೊದಲು ಗೋಡೆ

ಎಲ್ಲರೂ ಪ್ರಿಂಟ್ ತೆಗೆಸಿ ಆಮೇಲೆ ಗೋಡೆ ಹುಡುಕುತ್ತಾರೆ. ನೀವು ತಿರುಗಿಸಿ ಮಾಡಿ. ನೀವು ದಿನಾ ಕೂರುವ ಜಾಗದಲ್ಲಿ ಕೂತು ಎದುರಿಗೆ ಏನು ಕಾಣುತ್ತದೆ ನೋಡಿ. ಐದರಿಂದ ಎಂಟು ಅಡಿ ದೂರದ ಗೋಡೆ ಇದಕ್ಕೆ ಹೇಳಿ ಮಾಡಿಸಿದ್ದು. ಹತ್ತಿರ ಹೋದರೆ ಕುಂಚದ ಗೆರೆ ಕಾಣಬೇಕು, ದೂರ ಕೂತರೆ ನಾಲ್ಕು ಪಟ್ಟಿ ಕಾಣಬೇಕು.

ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಎಂಥ ಒಳ್ಳೆ ಶಾಯಿಯೂ ಬಿಸಿಲಿಗೆ ಮಂಕಾಗುತ್ತದೆ. ಕಿಟಕಿಗೆ ಸರಿಯಾಗಿ ಎದುರಿನ ಗೋಡೆಯೂ ಅಷ್ಟು ಒಳ್ಳೆಯದಲ್ಲ. ಗಾಜಿನಲ್ಲಿ ಕಿಟಕಿಯೇ ಕಾಣುತ್ತದೆ, ಸಮುದ್ರ ಕಾಣುವುದಿಲ್ಲ. ಕಿಟಕಿಯ ಪಕ್ಕದ ಗೋಡೆ, ಬೆಳಕು ಬದಿಯಿಂದ ಬರುವ ಹಾಗಿದ್ದರೆ, ಅದೇ ಸರಿ.

ಇನ್ನೊಂದು ಮುಖ್ಯ ವಿಷಯ ತೇವ. ಬಚ್ಚಲಿಗೆ ಅಂಟಿಕೊಂಡ ಗೋಡೆ, ಹೊರಗಿನಿಂದ ಮಳೆ ಹೊಡೆಯುವ ಗೋಡೆ, ಮೇಲೆ ನೀರಿನ ತೊಟ್ಟಿ ಇರುವ ಗೋಡೆ, ಇವು ನೋಡಲು ಒಣಗಿದ ಹಾಗೇ ಇರುತ್ತವೆ. ಪರೀಕ್ಷೆ ಸುಲಭ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ ಹನಿ ಕಟ್ಟಿದ್ದರೆ ಆ ಗೋಡೆಯನ್ನು ಬಿಟ್ಟುಬಿಡಿ. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಪಾಸಾಗುತ್ತದೆ. ನನ್ನ ಎರಡನೇ ಪ್ರಿಂಟ್ ಕಂದು ಚುಕ್ಕೆ ಬಂದು ಹೋಗಿದ್ದಕ್ಕೆ ಗೋಡೆಯೂ ಒಂದು ಕಾರಣ.

ನೆಲ ಕೆಂಪು ರೆಡ್ ಆಕ್ಸೈಡ್ ಇದ್ದರೆ ನಿಮ್ಮ ಅದೃಷ್ಟ. ಚಿತ್ರದ ಸೂರಿನ ಕೆಂಪು, ನೆಲದ ಕೆಂಪು ಒಂದನ್ನೊಂದು ಕರೆಯುತ್ತವೆ. ಗೋಡೆಗೆ ತೆಳು ಕೆನೆ ಬಣ್ಣ ಅಥವಾ ಸುಣ್ಣದ ಬಿಳಿ ಸಾಕು. ಗೋಡೆಗೂ ನೀಲಿ ಬಳಿಯಲು ಹೋಗಬೇಡಿ. ಚಿತ್ರದ ನೀಲಿ ಸತ್ತುಹೋಗುತ್ತದೆ.

ಹೆಜ್ಜೆ 2: ಅಳತೆ

ನನ್ನ ಸಲಹೆ ಹೀಗಿದೆ. ಕಾಗದ 24×18 ಇಂಚು. ಅದರ ಮೇಲೆ ಚಿತ್ರ 22×16 ಇಂಚು. ಮೂಲ ಚಿತ್ರದ ಅಗಲ–ಎತ್ತರದ ಲೆಕ್ಕ 1.37. ಇಪ್ಪತ್ತೆರಡನ್ನು ಹದಿನಾರರಿಂದ ಭಾಗಿಸಿದರೆ 1.375. ಅಂದರೆ ಒಂದು ಕೂದಲೆಳೆಯಷ್ಟೂ ಕತ್ತರಿಸುವ ಅಗತ್ಯವಿಲ್ಲ, ಸುತ್ತಲೂ ಒಂದು ಇಂಚು ಬಿಳಿ ಉಳಿಯುತ್ತದೆ. ಆ ಬಿಳಿ ಅಂಚು ಮುಂದೆ ಕಟ್ಟು ಹಾಕುವಾಗ ಬೇಕೇ ಬೇಕು.

ಮೂಲದಷ್ಟೇ ದೊಡ್ಡದು ಮಾಡಿಸಬಹುದಲ್ವಾ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಸುಮಾರು 39 ಇಂಚು ಅಗಲಕ್ಕೆ, ಇಂಚಿಗೆ 150 ಪಿಕ್ಸೆಲ್ ಅಂತ ಹಿಡಿದರೂ ಉದ್ದ ಬದಿಗೆ ಆರು ಸಾವಿರದ ಹತ್ತಿರ ಪಿಕ್ಸೆಲ್ ಬೇಕು. ಅಷ್ಟು ಇಲ್ಲದ ಫೈಲನ್ನು ಹಿಗ್ಗಿಸಿದರೆ ಕುಂಚದ ಗೆರೆಗಳು ಕರಗಿ ಹಿಟ್ಟಾಗುತ್ತವೆ. 22 ಇಂಚಿಗೆ 3300 ಪಿಕ್ಸೆಲ್ ಇದ್ದರೆ ಪರವಾಗಿಲ್ಲ, 4400 ಇದ್ದರೆ ತುಂಬಾ ಚೆನ್ನಾಗಿರುತ್ತದೆ.

ಕಟ್ಟು ಸೇರಿ ಒಟ್ಟು ಅಳತೆ ಸುಮಾರು 30×24 ಇಂಚು ಬರುತ್ತದೆ. ಹಳೇ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ ಅಷ್ಟಗಲ ಮಾಡಿ, ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಓಡಾಡುವಾಗ ಭುಜ ತಾಗುತ್ತದಾ, ಬಾಗಿಲು ತೆಗೆದಾಗ ಬಡಿಯುತ್ತದಾ, ಸಣ್ಣದಾಯಿತಾ ಅನ್ನುವುದು ಆಗಲೇ ತಿಳಿಯುತ್ತದೆ. ಸೋಫಾದ ಮೇಲೆ ಹಾಕುವವರು ಅದರ ಅಗಲದ ಮೂರರಲ್ಲಿ ಎರಡು ಭಾಗ ಬರಬೇಕು ಅನ್ನುತ್ತಾರೆ. ಆ ಲೆಕ್ಕದಲ್ಲಿ ಇಬ್ಬರು ಕೂರುವ ಚಿಕ್ಕ ಸೋಫಾಕ್ಕೆ ಇದು ಸರಿ. ಮೂವರ ಸೋಫಾದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಅದಕ್ಕಿಂತ ಒಂದು ಕಿರಿದಾದ ಖಾಲಿ ಗೋಡೆಯೇ ಚೆಂದ.

ಹೆಜ್ಜೆ 3: ಫೈಲ್, ಮತ್ತು ಹಕ್ಕಿನ ಮಾತು

ಸೆಜಾನ್ ತೀರಿಕೊಂಡಿದ್ದು 1906ರ ಅಕ್ಟೋಬರಿನಲ್ಲಿ. ಅದೇ ತಿಂಗಳು ರಾಜಾ ರವಿವರ್ಮನೂ ತೀರಿಕೊಂಡ. ನಮ್ಮ ಜಗನ್ಮೋಹನ ಅರಮನೆಯಲ್ಲಿ ಯಾರ ಚಿತ್ರಗಳನ್ನು ನೋಡಿ ಬೆಳೆದೆವೋ ಅವನು, ಮತ್ತು ನನ್ನ ಗೋಡೆಯ ಮೇಲಿರುವ ಇವನು, ಒಂದೇ ಕಾಲದವರು ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಪ್ರಿಂಟ್ ತಂದು ಮನೆಯಲ್ಲಿ ಹಾಕುವುದು ನಮಗೆ ಹೊಸದೂ ಅಲ್ಲ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಅಚ್ಚುಕೂಟದ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದಿದ್ದು ಹಾಗೇ ತಾನೆ?

ನಮ್ಮ ದೇಶದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಚಿತ್ರದ ಹಕ್ಕು (ಕಾಪಿರೈಟ್) ಇರುತ್ತದೆ. ಸೆಜಾನನ ವಿಷಯದಲ್ಲಿ ಅದು ಎಂದೋ ಮುಗಿದಿದೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕು ಮುಗಿದ ಚಿತ್ರಗಳ ಫೈಲುಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅವರ ವೆಬ್‌ಸೈಟಿನಲ್ಲಿ ಸೆಜಾನ್, ಲೆಸ್ತಾಕ್ (Cezanne, Estaque) ಅಂತ ಹುಡುಕಿ, ಚಿತ್ರದ ಕೆಳಗಿನ ಡೌನ್‌ಲೋಡ್ ಗುರುತು ಒತ್ತಿದರೆ ದೊಡ್ಡ ಫೈಲ್ ಸಿಗುತ್ತದೆ. ಹುಡುಕಾಟದಲ್ಲಿ ಸಿಗುವ ಚಿಕ್ಕ ಚಿತ್ರ, ವಾಟ್ಸಾಪಿನಲ್ಲಿ ಬಂದ ಚಿತ್ರ ಬೇಡವೇ ಬೇಡ. ಅಂಗಡಿಗೂ ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಪಿಕ್ಸೆಲ್ ಕಡಿಮೆಯಾಗುತ್ತದೆ. ಪೆನ್‌ಡ್ರೈವಿನಲ್ಲಿ ಕೊಡಿ. ಒಂದು ಎಚ್ಚರಿಕೆ: ಇದೇ ಕೊಲ್ಲಿಯನ್ನು ಸೆಜಾನ್ ಹತ್ತಾರು ಸಲ ಬರೆದಿದ್ದಾನೆ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲೂ ಇದೇ ಹೆಸರಿನ, ಅದೇ ಕಾಲದ ಚಿತ್ರವಿದೆ. ಅದರ ಅಳತೆ ಬೇರೆ, 80×100 ಸೆಂಟಿಮೀಟರ್. ಅದನ್ನು ಆರಿಸಿಕೊಂಡರೆ ಮೇಲಿನ ಇಂಚಿನ ಲೆಕ್ಕ ಬದಲಾಗುತ್ತದೆ.

ನಮ್ಮ ಕರಾವಳಿಯ ಕಲಾವಿದರ ಚಿತ್ರವೇ ಬೇಕು ಅನ್ನುವವರಿಗೆ ಈ ದಾರಿ ನಡೆಯುವುದಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ತೀರಿಕೊಂಡಿದ್ದು 1996ರಲ್ಲಿ. ಅವರ ಕೃತಿಗಳ ಹಕ್ಕು 2056ರ ಕೊನೆಯವರೆಗೂ ಇದೆ. ಅಂಥ ಚಿತ್ರಗಳ ಪ್ರಿಂಟನ್ನು ಹಕ್ಕಿದ್ದವರಿಂದ ಕೊಂಡುಕೊಳ್ಳಬೇಕು. ಬದುಕಿರುವ ಕಲಾವಿದರದ್ದಾದರಂತೂ ಅವರನ್ನೇ ಕೇಳಿ. ಮೈಸೂರಿನಲ್ಲೇ ಕಾವಾ ಎಂಬ ಚಿತ್ರಕಲಾ ಕಾಲೇಜು ಇದೆ, ಅಲ್ಲಿ ಓದುವ ಮಕ್ಕಳ ಪ್ರದರ್ಶನಕ್ಕೆ ಹೋಗಿ. ಪ್ರಿಂಟ್ ಯಾಕೆ, ಮೂಲ ಚಿತ್ರವನ್ನೇ ತರಬಹುದು.

ಹೆಜ್ಜೆ 4: ಪ್ರಿಂಟ್ ತೆಗೆಸುವುದು

ನನ್ನ ಮೊದಲ ಪ್ರಿಂಟ್ ಹಾಳಾಗಿದ್ದು ಇಲ್ಲೇ. ಒಂದು ಅಂಗಡಿಗೆ ಹೋಗಿ “18×12ಕ್ಕೆ ಹಾಕಿ” ಅಂದೆ, ಅಷ್ಟೇ. 18 ಇಂಚು ಅಗಲಕ್ಕೆ ಈ ಚಿತ್ರಕ್ಕೆ 13 ಇಂಚು ಎತ್ತರ ಬೇಕು. ಮಿಷಿನ್ ಮೇಲೊಂದಿಷ್ಟು ಆಕಾಶ, ಕೆಳಗೊಂದಿಷ್ಟು ನೆಲ ಹಾರಿಸಿತು. ಜೊತೆಗೆ ಬಣ್ಣವನ್ನು ತಾನೇ ತಿದ್ದಿತು. ಸಮುದ್ರ ಟಿವಿ ಜಾಹೀರಾತಿನ ನೀಲಿಯಾಯಿತು. ಸೂರುಗಳು ಕಿತ್ತಳೆಯಾದವು. ಹೊಳೆಯುವ ಕಾಗದ ಬೇರೆ. ಮನೆಗೆ ತಂದು ಗೋಡೆಗಿಟ್ಟಾಗ ಅದು ನಾನು ಇಷ್ಟಪಟ್ಟ ಚಿತ್ರವೇ ಆಗಿರಲಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು ಮೂರು ಮಾತು. ಒಂದು, ಪಿಗ್ಮೆಂಟ್ ಶಾಯಿಯ (ಬಣ್ಣದ ನುಣ್ಣನೆ ಪುಡಿ ಬೆರೆತ ಶಾಯಿ) ಪ್ರಿಂಟರ್ ಇದೆಯಾ? ಬಣ್ಣ ಪೂರ್ತಿ ಕರಗಿರುವ ಡೈ ಶಾಯಿಗಿಂತ ಅದು ಜಾಸ್ತಿ ವರ್ಷ ಬಣ್ಣ ಬಿಡದೆ ಇರುತ್ತದೆ. ಎರಡು, ಮ್ಯಾಟ್ ಅಂದರೆ ಹೊಳೆಯದ ಕಾಗದ, 200 ಜಿಎಸ್ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಪ್ಪ, ಆ್ಯಸಿಡ್ ಇಲ್ಲದ್ದು ಇದೆಯಾ? ಹತ್ತಿಯ ಕಾಗದ ಸಿಕ್ಕರೆ ಬಿಡಬೇಡಿ. ಮೂರು, ಬಣ್ಣ ತಿದ್ದಬೇಡಿ, ಅಂಚು ಕತ್ತರಿಸಬೇಡಿ. ಮೂರನೆಯದನ್ನು ಬಾಯಲ್ಲಿ ಹೇಳಿ ಬರಬೇಡಿ, ಚೀಟಿಯಲ್ಲಿ ಬರೆದು ಕೊಡಿ: “ಕಾಗದ 24×18, ಚಿತ್ರ 22×16, ನಡುವೆ, ಆಟೊ ಕರೆಕ್ಷನ್ ಬೇಡ.”

ಕ್ಯಾನ್ವಾಸ್ ಮೇಲೆ ಹಾಕಿಸಿ, ಪೇಂಟಿಂಗ್ ಥರಾನೇ ಕಾಣುತ್ತೆ ಅಂತ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೆಜಾನನ ಕುಂಚದ ಗೆರೆಗಳ ಮೇಲೆ ಬೇರೊಂದು ಬಟ್ಟೆಯ ಗೆರೆ ಬಂದು ಕೂತರೆ ಎರಡೂ ಕೆಡುತ್ತವೆ. ಫ್ಲೆಕ್ಸ್, ವಿನೈಲ್, ಲ್ಯಾಮಿನೇಷನ್ ಇವುಗಳ ಹತ್ತಿರವೂ ಹೋಗಬೇಡಿ.

ಪೂರ್ತಿ ಪ್ರಿಂಟಿಗೆ ಮೊದಲು ಒಂದು ತುಂಡು ತೆಗೆಸಿ. ಸೂರು, ಸಮುದ್ರ, ಗಿಡದ ಹಸಿರು ಮೂರೂ ಇರುವ ಹಾಗೆ 6×4 ಇಂಚಿನ ಒಂದು ತುಂಡು ಸಾಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಮನೆಗೆ ತಂದು ಅದೇ ಗೋಡೆಗೆ ಅಂಟಿಸಿ, ಬೆಳಗ್ಗೆ ಹನ್ನೊಂದಕ್ಕೊಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ನೀಲಿ ನೇರಳೆಗೆ ತಿರುಗಿದೆಯಾ, ಹಸಿರು ಕಪ್ಪಾಗಿದೆಯಾ ನೋಡಿ. ಮೊಬೈಲಿನ ಪರದೆಗೆ ಹೋಲಿಸುವಾಗ ಒಂದು ನೆನಪಿರಲಿ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪ್ರಿಂಟ್ ಯಾವಾಗಲೂ ಒಂದು ಚೂರು ಮಬ್ಬಾಗಿಯೇ ಕಾಣುತ್ತದೆ. ಜಾಸ್ತಿ ಕಪ್ಪಾಗಿದ್ದರೆ ಮಾತ್ರ ಸ್ವಲ್ಪ ತಿಳಿ ಮಾಡಲು ಹೇಳಿ.

ಸುರುಳಿ ಸುತ್ತಿ ತರುವುದಾದರೆ ಅಗಲವಾದ ಕೊಳವೆ ಇರಲಿ, ಚಿತ್ರದ ಮಗ್ಗುಲು ಹೊರಗಿರಲಿ. ಮನೆಗೆ ಬಂದ ಕೂಡಲೇ ಬಿಚ್ಚಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಒಂದು ದಿನ ಸಮನಾಗಲು ಬಿಡಿ.

ಹೆಜ್ಜೆ 5: ಕಟ್ಟು ಹಾಕಿಸುವುದು

ಎರಡನೇ ಪ್ರಿಂಟ್ ಚೆನ್ನಾಗಿಯೇ ಬಂದಿತ್ತು. ಅದನ್ನು ಕಟ್ಟು ಹಾಕಲು ಕೊಟ್ಟ ಕಡೆ ಹಿಂಬದಿಗೆ ಪೂರ್ತಿ ಬಿಳಿ ಗೋಂದು ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸಿ, ಮೇಲೆ ಗಾಜು ಒತ್ತಿಬಿಟ್ಟರು. ಮೊದಲ ಮಳೆಗಾಲಕ್ಕೆ ಕಾಗದ ಉಬ್ಬಿತು. ಎರಡನೆಯದಕ್ಕೆ ಆಕಾಶದ ತುಂಬಾ ಕಂದು ಚುಕ್ಕೆ. ಬಿಡಿಸಲು ಹೋದರೆ ಒಂದು ಮೂಲೆಯಲ್ಲಿ ಕಾಗದ ಗಾಜಿಗೇ ಹಿಡಿದುಕೊಂಡಿತ್ತು.

ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಆಡಲು ಜಾಗ ಬೇಕು. ಅದರಿಂದ ಪ್ರಿಂಟನ್ನು ಅಂಟಿಸಬಾರದು, ನೇತುಹಾಕಬೇಕು. ಮೇಲಿನ ಅಂಚಿನಲ್ಲಿ ಎರಡೇ ಎರಡು ಕಡೆ, ಕಟ್ಟು ಹಾಕಲೆಂದೇ ಸಿಗುವ ಆ್ಯಸಿಡ್ ಇಲ್ಲದ ಕಾಗದದ ಟೇಪಿನಿಂದ ಹಿಂದಿನ ಹಲಗೆಗೆ ಹಿಡಿಸಬೇಕು. ಉಳಿದ ಮೂರು ಬದಿ ಬಿಡುವಾಗಿರಬೇಕು. ಸಾದಾ ಸೆಲ್ಲೋ ಟೇಪ್ ಕೆಲವೇ ವರ್ಷದಲ್ಲಿ ಹಳದಿಯಾಗಿ ಕಲೆ ಬಿಡುತ್ತದೆ.

ಪ್ರಿಂಟಿನ ಮೇಲೆ ಮೌಂಟ್ ಬೋರ್ಡ್, ಅಂದರೆ ನಡುವೆ ಕಿಂಡಿ ಕತ್ತರಿಸಿದ ದಪ್ಪ ರಟ್ಟು ಬರುತ್ತದೆ. ಇದು ಬರೀ ಅಂದಕ್ಕೆ ಅಲ್ಲ, ಗಾಜು ಪ್ರಿಂಟನ್ನು ಮುಟ್ಟದ ಹಾಗೆ ತಡೆಯುತ್ತದೆ. ಆ್ಯಸಿಡ್ ಇಲ್ಲದ, ತುಸು ಕೆನೆಗಟ್ಟಿದ ಬಿಳಿ ಬಣ್ಣದ್ದು ಆರಿಸಿ. ಕಿಂಡಿಯ ಅಳತೆ 22.5×16.5 ಇಂಚು ಹೇಳಿ. ಚಿತ್ರದ ಸುತ್ತ ಕಾಲು ಇಂಚು ಬಿಳಿ ಕಾಣುತ್ತದೆ, ಚಿತ್ರದ ಅಂಚು ಎಲ್ಲೂ ಮುಚ್ಚಿಹೋಗುವುದಿಲ್ಲ. ಕಿಂಡಿಯ ಸುತ್ತ ಬೋರ್ಡಿನ ಅಗಲ ಮೇಲೆ ಮತ್ತು ಎರಡು ಬದಿಗೆ ಮೂರು ಇಂಚು, ಕೆಳಗೆ ಮೂರೂವರೆ. ಕೆಳಗೆ ಜಾಸ್ತಿ ಯಾಕೆ ಅಂದರೆ, ನಾಲ್ಕೂ ಕಡೆ ಸಮ ಇಟ್ಟರೆ ಚಿತ್ರ ಜಾರಿ ಕೆಳಗಿಳಿದ ಹಾಗೆ ಕಾಣುತ್ತದೆ.

ಮೂರನೇ ಸಲ ಕಟ್ಟು ಹಾಕಿಕೊಟ್ಟವರು ವಯಸ್ಸಾದವರು. ಅವರು ಮೌಂಟ್ ಕತ್ತರಿಸುವುದನ್ನು ನಿಂತು ನೋಡಿದೆ. ಬೋರ್ಡಿನ ಹಿಂಬದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಬ್ಲೇಡನ್ನು 45 ಡಿಗ್ರಿ ಓರೆ ಮಾಡಿ, ಉಸಿರು ಬಿಗಿಹಿಡಿದು ಒಂದೇ ಎಳೆತ. ನಾಲ್ಕು ಎಳೆತಕ್ಕೆ ನಡುವಿನ ತುಂಡು ತಾನೇ ಕಳಚಿ ಅವರ ಅಂಗೈಗೆ ಬಿತ್ತು. ಕಿಂಡಿಯ ಒಳಗಂಚಿನಲ್ಲಿ ತೆಳ್ಳಗೆ ಒಂದು ಬಿಳಿ ಇಳಿಜಾರು. “ನೋಡಿ ಸಾರ್, ಮೂಲೆ ಒಂಚೂರು ಹರಿದ್ರೂ ಕಣ್ಣು ಅಲ್ಲಿಗೇ ಹೋಗುತ್ತೆ” ಅಂದರು. ನೀವೂ ಮೂಲೆಗಳನ್ನು ನೋಡಿಯೇ ಒಪ್ಪಿಕೊಳ್ಳಿ.

ಚೌಕಟ್ಟಿಗೆ ತೇಗ ಒಳ್ಳೆಯದು. ಮುಕ್ಕಾಲರಿಂದ ಒಂದು ಇಂಚು ಅಗಲ ಸಾಕು, ಪಾಲಿಶ್ ಹೊಳೆಯಬಾರದು. ಹೊನ್ನಿನ ಬಣ್ಣದ ಬಳ್ಳಿ ಕೆತ್ತನೆಯ ಕಟ್ಟು ನಮ್ಮ ಮೈಸೂರು ಶೈಲಿಯ ಚಿತ್ರಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೋ, ಇದಕ್ಕೆ ಅಷ್ಟೇ ಒಪ್ಪುವುದಿಲ್ಲ.

ಗಾಜು ಎರಡು ಮಿಲಿಮೀಟರಿನ ಸಾದಾ ಗಾಜಾದರೆ ಅದರದ್ದೇ ಎರಡು ಕಿಲೋ ತೂಕ. ಮಕ್ಕಳು ಚೆಂಡಾಡುವ ಹಜಾರವಾದರೆ ಗಾಜಿನ ಬದಲು ಆ್ಯಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಾಕಿಸಿ. ಪ್ರತಿಬಿಂಬ ಬಾರದ ಗಾಜು ದುಬಾರಿ. ಆದರೆ ಇಡೀ ಕೆಲಸದಲ್ಲಿ ಒಂದು ಕಡೆ ಜಾಸ್ತಿ ದುಡ್ಡು ಹಾಕುವುದಾದರೆ ನಾನು ಅಲ್ಲಿ ಹಾಕುತ್ತೇನೆ. ಹಳೇ ಕಾಲದ ಒರಟು ‘ನಾನ್‌ಗ್ಲೇರ್’ ಗಾಜು ಬೇರೆ, ಅದು ಮೌಂಟಿನ ದಪ್ಪದಷ್ಟು ದೂರದಲ್ಲಿ ಕೂತರೂ ಚಿತ್ರವನ್ನು ಮಸುಕು ಮಾಡುತ್ತದೆ. ಕೇಳಿ, ನೋಡಿ ತಗೊಳ್ಳಿ.

ಹಿಂಬದಿಗೆ ಹಲಗೆ ಹಾಕಿ, ಅಂಚಿನ ಸಂದಿಗಳಿಗೆಲ್ಲ ಕಂದು ಕಾಗದದ ಟೇಪ್ ಅಂಟಿಸಲು ಹೇಳಿ. ಕಾಗದ ತಿನ್ನುವ ಹುಳ ಬರುವುದು ಆ ಸಂದಿಯಿಂದಲೇ. ಕೆಳಗಿನ ಎರಡು ಮೂಲೆಗೆ ಕಾಲು ಇಂಚು ದಪ್ಪದ ಕಾರ್ಕ್ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ.

ಹೆಜ್ಜೆ 6: ತೂಗುಹಾಕುವುದು

ಚಿತ್ರದ ನಡುಮಧ್ಯ ನೆಲದಿಂದ 57 ಇಂಚು ಎತ್ತರದಲ್ಲಿ ಬರಲಿ. ಯಾವಾಗಲೂ ಕೂತೇ ನೋಡುವ ಜಾಗವಾದರೆ ಮೂರು–ನಾಲ್ಕು ಇಂಚು ಇಳಿಸಿ. ನಮ್ಮ ಹಳೇ ಮನೆಗಳಲ್ಲಿ ಪಟಗಳನ್ನು ಸೂರಿನ ಹತ್ತಿರ ಕಟ್ಟಿ, ಮುಂದಕ್ಕೆ ಬಾಗಿಸುತ್ತಿದ್ದರು. ದೇವರಿಗೆ, ಹಿರಿಯರಿಗೆ ಆ ಎತ್ತರ ಸರಿ. ಈ ಚಿತ್ರ ಕಣ್ಣಿನ ಮಟ್ಟಕ್ಕೆ ಬೇಕು.

ಮೊಳೆಯ ಲೆಕ್ಕ ಹೀಗೆ. ಕಟ್ಟಿನ ಎತ್ತರ 24 ಇಂಚು, ಅದರ ಅರ್ಧ 12. ತೂಗುಹಾಕಲು ಕಟ್ಟಿನ ಹಿಂದೆ ಬಿಗಿದ ತಂತಿಯನ್ನು ನಡುವೆ ಬೆರಳಿನಿಂದ ಮೇಲಕ್ಕೆ ಜಗ್ಗಿ, ಕಟ್ಟಿನ ಮೇಲಂಚಿನಿಂದ ಅಲ್ಲಿಗೆ ಎಷ್ಟು ಅಂತ ಅಳೆಯಿರಿ. ನಾಲ್ಕು ಇಂಚು ಅಂತಿಟ್ಟುಕೊಳ್ಳಿ. 57ಕ್ಕೆ 12 ಕೂಡಿ, 4 ಕಳೆಯಿರಿ. ಮೊಳೆ 65 ಇಂಚಿಗೆ. ಒಂದರ ಬದಲು ಅದೇ ಮಟ್ಟದಲ್ಲಿ ಎಂಟು ಇಂಚು ಅಂತರಕ್ಕೆ ಎರಡು ಹುಕ್ ಹಾಕಿದರೆ ಚಿತ್ರ ವಾಲುವುದಿಲ್ಲ. ತಂತಿಯನ್ನು ಆ ಎರಡು ಜಾಗದಲ್ಲಿ ಜಗ್ಗಿ ಅಳೆಯಿರಿ.

ಇಟ್ಟಿಗೆ–ಸಿಮೆಂಟಿನ ಗೋಡೆಗೆ ಡ್ರಿಲ್ ಮಾಡಿ, ಪ್ಲಗ್ ಕೂರಿಸಿ, ಸ್ಕ್ರೂ ಹಾಕಿದರೆ ಮುಗಿಯಿತು. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಹಾಕಬೇಡಿ, ಒಳಗೆ ವೈರು ಇರುತ್ತದೆ. ಅಗ್ರಹಾರದ ಕಡೆಯ ಹಳೇ ಮನೆ, ಮಂಡ್ಯ ಸುತ್ತಲಿನ ತೊಟ್ಟಿ ಮನೆ ಇಂಥವುಗಳಲ್ಲಿ ಮಣ್ಣಿನ ಗೋಡೆಗೆ ಗಾರೆ ಮೆತ್ತಿರುತ್ತಾರೆ. ಅಲ್ಲಿ ಪ್ಲಗ್ ಹಿಡಿಯುವುದಿಲ್ಲ, ಡ್ರಿಲ್ ಇಟ್ಟರೆ ಗಾರೆ ಹಪ್ಪಳದ ಹಾಗೆ ಕಳಚುತ್ತದೆ. ಗೋಡೆಯಲ್ಲಿ ಹಳೇ ಮರದ ಗೂಟ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮೇಲಿನ ತೊಲೆಯಿಂದ ಎರಡು ತೆಳು ಉಕ್ಕಿನ ತಂತಿ ಇಳಿಬಿಡಿ. ನೋಡಲು ಅದೂ ಚೆಂದವೇ.

ದೀಪ ಹಾಕುವುದಾದರೆ 3000 ಕೆಲ್ವಿನ್‌ನ ಎಲ್ಇಡಿ, ಸಿಆರ್‌ಐ 90ಕ್ಕಿಂತ ಜಾಸ್ತಿ ಇರುವುದು. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಿಆರ್‌ಐ ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ. ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬೀಳಲಿ. ಸಿಆರ್‌ಐ ಕಡಿಮೆಯಾದರೆ ಸೂರಿನ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ರಾತ್ರಿ ಬಲ್ಬ್ ಬದಲಿಸಿ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಪಕ್ಕದಲ್ಲಿರುವ ಕ್ಯಾಲೆಂಡರು, ಗಡಿಯಾರ, ಗ್ರಾಜುಯೇಷನ್ ಫೋಟೋಗಳನ್ನು ಬೇರೆ ಗೋಡೆಗೆ ಕಳಿಸಿ. ಈ ಚಿತ್ರದ ಸುತ್ತ ಎರಡು ಅಡಿಯಾದರೂ ಖಾಲಿ ಇರಬೇಕು ಅನ್ನುವುದು ನನ್ನ ಹಟ.

ಆಮೇಲೆ

ಗಾಜಿಗೆ ನೇರವಾಗಿ ಸ್ಪ್ರೇ ಹೊಡೆಯಬೇಡಿ. ನೀರು ಅಂಚಿನಿಂದ ಇಳಿದು ಮೌಂಟಿಗೆ ಸೇರುತ್ತದೆ. ಬಟ್ಟೆಗೆ ಹೊಡೆದುಕೊಂಡು ಒರೆಸಿ. ಆ್ಯಕ್ರಿಲಿಕ್ ಆದರೆ ಮೆತ್ತನೆ ಬಟ್ಟೆ, ನೀರು ಅಷ್ಟೇ. ಮಳೆಗಾಲ ಮುಗಿದ ಮೇಲೆ, ದಸರೆಗೆ ಮನೆ ಧೂಳು ಹೊಡೆಯುವಾಗ, ಕಟ್ಟನ್ನು ಒಮ್ಮೆ ಇಳಿಸಿ ಹಿಂಬದಿ ನೋಡಿ. ಹಲ್ಲಿ ಮೊಟ್ಟೆ, ಕಣಜದ ಮಣ್ಣುಗೂಡು ಇದ್ದರೆ ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಟೇಪ್ ಎದ್ದಿದ್ದರೆ ಹೊಸದು ಅಂಟಿಸಿ. ಗೋಡೆಯ ಆ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿ. ತಣ್ಣಗೆ, ಜಿಗುಟಾಗಿ ಇದ್ದರೆ ಚಿತ್ರವನ್ನು ವಾಪಸ್ ಹಾಕಬೇಡಿ. ಗೋಡೆ ಒಣಗುವವರೆಗೆ ಒಳಗಿನ ಕೋಣೆಯಲ್ಲಿ, ನೆಲಕ್ಕೆ ತಾಗದ ಹಾಗೆ ಎರಡು ಮರದ ತುಂಡಿನ ಮೇಲೆ, ನೆಟ್ಟಗೆ ನಿಲ್ಲಿಸಿಡಿ.